ಹೊಸ ಮೈತ್ರಿ ಸರ್ಕಾರ ಎಷ್ಟು ದಿನ ಇರುತ್ತೆ? ಲೆಕ್ಕ ಹಾಕೋದು ಹೇಗೆ

ಮೈತ್ರಿ ಸರ್ಕಾರದ ಪ್ರಮಾಣವಚನ ಮುಗಿದಿರುತ್ತೆ, ಮಂತ್ರಿಗಳಿಗೆ ತಮ್ಮ ಖಾತೆ ಯಾವ್ದು ಅಂತಾನೇ ಇನ್ನೂ ಗೊತ್ತಿರಲ್ಲ, ಅಷ್ಟರಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ ಬಂದಿರುತ್ತೆ, ಇದು ಎಷ್ಟು ದಿನ ನಡೆಯುತ್ತೆ ಅಂತ. ಒಬ್ರು ಆರು ತಿಂಗಳು ಅಂತಾರೆ, ಇನ್ನೊಬ್ರು ಐದು ವರ್ಷ ಗ್ಯಾರಂಟಿ ಅಂತಾರೆ. ಯಾಕೆ ಅಂತ ಕೇಳಿದ್ರೆ ಇಬ್ರೂ ನಾಯಕರ ಸ್ವಭಾವದ ಮಾತೇ ಆಡ್ತಾರೆ, ಅವರಿಬ್ರಿಗೂ ಮೊದಲಿಂದ ಆಗಲ್ಲ ಅಂತ ಒಬ್ರು, ಇಲ್ಲ ವೇದಿಕೆ ಮೇಲೆ ಕೈ ಕೈ ಹಿಡಿದು ಎತ್ತಿದ್ದನ್ನ ನೋಡಿಲ್ವಾ ಅಂತ ಇನ್ನೊಬ್ರು.

ನನ್ನ ಪ್ರಕಾರ ಈ ಪ್ರಶ್ನೆಗೆ ಇದಕ್ಕಿಂತ ಚೆನ್ನಾಗಿ ಉತ್ತರ ಕೊಡೋಕೆ ಸಾಧ್ಯ ಇದೆ, ಕೊಡ್ಲೇಬೇಕು ಕೂಡ, ಯಾಕಂದ್ರೆ ಸರ್ಕಾರ ಇರುತ್ತೋ ಬೀಳುತ್ತೋ ಅನ್ನೋ ಅನುಮಾನದಲ್ಲೇ ಫೈಲುಗಳು ನಿಂತುಬಿಡುತ್ತವೆ, ಅಧಿಕಾರಿಗಳು ಸಹಿ ಹಾಕೋಕೆ ಹಿಂದೆ ಮುಂದೆ ನೋಡ್ತಾರೆ, ಎರಡು ವರ್ಷದ ಯೋಜನೆ ಕೈಗೆತ್ತಿಕೊಳ್ಳೋ ಧೈರ್ಯ ಯಾರಿಗೂ ಇರಲ್ಲ. ಅದರ ಪೆಟ್ಟು ಬೀಳೋದು ಜನರಿಗೆ.

ಸ್ನೇಹ, ದ್ವೇಷ, ಸಿದ್ಧಾಂತ ಇವು ಎಷ್ಟು ಕಮ್ಮಿ ಹೇಳ್ತವೆ ಅಂತ ಎರಡು ಉದಾಹರಣೆ ನೋಡಿ. 2010ರಲ್ಲಿ ಬ್ರಿಟನ್ನಿನಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ 306, ಲಿಬರಲ್ ಡೆಮಾಕ್ರಾಟ್‌ಗಳಿಗೆ 57 ಸೀಟು ಬಂದು ಇಬ್ರೂ ಸೇರಿ ಸರ್ಕಾರ ಮಾಡಿದ್ರು. ಎರಡನೇ ಮಹಾಯುದ್ಧದ ಕಾಲದ ನಂತರ ಆ ದೇಶಕ್ಕೆ ಅದೇ ಮೊದಲ ಸಮ್ಮಿಶ್ರ ಸರ್ಕಾರ, ಯುರೋಪಿನ ವಿಚಾರದಲ್ಲಿ ಒಬ್ರು ಪೂರ್ವಕ್ಕೆ ಇನ್ನೊಬ್ರು ಪಶ್ಚಿಮಕ್ಕೆ, ಆದ್ರೂ ಐದು ವರ್ಷ ಪೂರ್ತಿ ನಡೀತು. ಇನ್ನೊಂದು ಕಡೆ ನೆದರ್ಲ್ಯಾಂಡ್ಸ್. ಅಲ್ಲಿ 2021ರ ಚುನಾವಣೆ ಆದ್ಮೇಲೆ ಹಿಂದಿನ ಸರ್ಕಾರದಲ್ಲಿ ಒಟ್ಟಿಗಿದ್ದ ಅದೇ ನಾಲ್ಕು ಪಕ್ಷಗಳು ಮತ್ತೆ ಮಾತುಕತೆಗೆ ಕೂತು 299 ದಿನ ತಗೊಂಡು, ಎಲ್ಲಾ ಬರವಣಿಗೆಯಲ್ಲಿ ಒಪ್ಪಂದ ಮಾಡ್ಕೊಂಡು 2022ರ ಜನವರಿಯಲ್ಲಿ ಸರ್ಕಾರ ರಚಿಸಿದ್ವು. 2023ರ ಜುಲೈಗೆ ನಿರಾಶ್ರಿತರ ವಿಚಾರದಲ್ಲಿ ಜಗಳ ಆಗಿ ಬಿದ್ದೋಯ್ತು. ಹದಿನೆಂಟು ತಿಂಗಳು ಅಷ್ಟೇ.

ಹಾಗಾದ್ರೆ ನೋಡ್ಬೇಕಾದ್ದು ಏನನ್ನ? ಒಂದೇ ಮಾತಲ್ಲಿ ಹೇಳೋದಾದ್ರೆ, ಪ್ರತಿಯೊಬ್ಬ ಪಾಲುದಾರನಿಗೂ ಒಳಗಿದ್ರೆ ಏನು ಸಿಗುತ್ತೆ ಅನ್ನೋದಕ್ಕಿಂತ ಮುಂಚೆ ಹೊರಗೆ ಹೋದ್ರೆ ಏನು ಸಿಗುತ್ತೆ ಅಂತ ನೋಡ್ಬೇಕು. ಉಳಿದಿದ್ದೆಲ್ಲ ಇದರ ಸುತ್ತ ಸುತ್ತುತ್ತೆ.

ಅದಕ್ಕೂ ಮುಂಚೆ ಒಂದು ಸಣ್ಣ ವಿಷಯ ಇತ್ಯರ್ಥ ಮಾಡ್ಕೊಳ್ಳೋಣ. ಸರ್ಕಾರ ಬಿತ್ತು ಅಂದ್ರೆ ಏನು ಅರ್ಥ? 1997ರ ಏಪ್ರಿಲ್‌ನಲ್ಲಿ ದೇವೇಗೌಡರು ಹೋಗಿ ಗುಜ್ರಾಲ್ ಬಂದ್ರು, ಪ್ರಧಾನಿ ಬದಲಾದ್ರು ಆದ್ರೆ ಸಂಯುಕ್ತ ರಂಗ ಅದೇ ಇತ್ತು, ಕಾಂಗ್ರೆಸ್‌ನ ಬಾಹ್ಯ ಬೆಂಬಲವೂ (ಸರ್ಕಾರ ಸೇರದೇ ಹೊರಗಿಂದ ಕೊಡೋ ಬೆಂಬಲ) ಅದೇ ಇತ್ತು. ಇದನ್ನ ಒಂದು ಸರ್ಕಾರ ಅಂತ ಎಣಿಸ್ತೀರೋ ಎರಡು ಅಂತ ಎಣಿಸ್ತೀರೋ? ಇಟಲಿಯಲ್ಲಿ 1946ರಿಂದ ಈಚೆಗೆ ಅರವತ್ತೆಂಟು ಸರ್ಕಾರ ಅಂತ ಲೆಕ್ಕ ಹೇಳ್ತಾರಲ್ಲ, ಅದರಲ್ಲಿ ಎಷ್ಟೋ ಸಲ ಬಿದ್ದಿದ್ದು ಮಂತ್ರಿಮಂಡಲ ಮಾತ್ರ, ದಶಕಗಳ ಕಾಲ ಅದೇ ಕ್ರಿಶ್ಚಿಯನ್ ಡೆಮಾಕ್ರಸಿ ಪಕ್ಷವೇ ಮತ್ತೆ ಮತ್ತೆ ಮಧ್ಯದಲ್ಲಿ ಕೂತಿತ್ತು. ರಾಜಕೀಯ ಶಾಸ್ತ್ರದವರು ಸಾಮಾನ್ಯವಾಗಿ ಮೂರರಲ್ಲಿ ಒಂದಾದ್ರೆ ಸರ್ಕಾರ ಮುಗೀತು ಅಂತ ಹಿಡೀತಾರೆ, ಪ್ರಧಾನಿ ಬದಲಾದ್ರೆ, ಪಾಲುದಾರ ಪಕ್ಷಗಳ ಪಟ್ಟಿ ಬದಲಾದ್ರೆ, ಇಲ್ಲ ಚುನಾವಣೆ ನಡೆದ್ರೆ. ನೀವು ಯಾವ್ದನ್ನಾದ್ರೂ ಹಿಡೀರಿ, ಆದ್ರೆ ಭವಿಷ್ಯ ಹೇಳೋಕೆ ಮುಂಚೆ ಹಿಡೀರಿ. ಇಲ್ಲಾಂದ್ರೆ ಆಮೇಲೆ ನಾನು ಹೇಳಿದ್ದು ಅದಲ್ಲ ಇದು ಅಂತ ಎಲ್ಲರೂ ಗೆದ್ದುಬಿಡ್ತಾರೆ.

ಈಗ ಸೀಟಿನ ಲೆಕ್ಕಕ್ಕೆ ಬರೋಣ. ಸೀಟು ಅಂದ ತಕ್ಷಣ ನಾವು ನೋಡೋದು ಒಟ್ಟು ಸಂಖ್ಯೆ, ಮ್ಯಾಜಿಕ್ ನಂಬರ್‌ಗಿಂತ ಎಷ್ಟು ಜಾಸ್ತಿ ಇದೆ ಅಂತ. ಆದ್ರೆ ನಿಜವಾಗಿ ನೋಡ್ಬೇಕಾದ್ದು ಯಾರು ಎದ್ದು ಹೋದ್ರೆ ಬಹುಮತ ಹೋಗುತ್ತೆ ಅಂತ, ಇವೆರಡೂ ಬೇರೆ ಬೇರೆ. 2018ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ 222 ಕ್ಷೇತ್ರಗಳ ಫಲಿತಾಂಶ ಬಂದಾಗ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37, ಇತರರು 3. ಬಹುಮತಕ್ಕೆ 112 ಬೇಕು. ಒಂದು ಚೀಟಿ ತಗೊಂಡು ಬರೆದು ನೋಡಿ. 104ಕ್ಕೆ 37 ಸೇರಿಸಿದ್ರೆ 141, ಸಾಕು. 78ಕ್ಕೆ 37 ಸೇರಿಸಿದ್ರೆ 115, ಸಾಕು. 104ಕ್ಕೆ 78 ಸೇರಿಸಿದ್ರೆ 182, ಸಾಕೋ ಸಾಕು. ಅಂದ್ರೆ ಮೂರರಲ್ಲಿ ಯಾವ ಎರಡು ಸೇರಿದ್ರೂ ಸರ್ಕಾರ ಆಗುತ್ತೆ, ಒಬ್ಬರೇ ಇದ್ರೆ ಯಾರಿಗೂ ಆಗಲ್ಲ. ಹಾಗಾಗಿ ಚೌಕಾಸಿ ಶಕ್ತಿಯ ದೃಷ್ಟಿಯಿಂದ 37 ಇರೋ ಪಕ್ಷ, 104 ಇರೋ ಪಕ್ಷ ಎರಡೂ ಸರಿಸಮ, ಸೀಟು ಮೂರು ಪಟ್ಟು ವ್ಯತ್ಯಾಸ ಇದ್ರೂ ಸಹ. ಮೂರನೇ ಸ್ಥಾನ ಬಂದ ಪಕ್ಷಕ್ಕೆ ಮುಖ್ಯಮಂತ್ರಿ ಕುರ್ಚಿ ಹೇಗೆ ಸಿಕ್ತು ಅಂತ ತುಂಬಾ ಜನ ಸಿಟ್ಟು ಮಾಡ್ಕೊಂಡಿದ್ರು, ಆ ಚೀಟಿ ಮೇಲೆ ಉತ್ತರ ಇದೆ. ಜನಾದೇಶದ ನ್ಯಾಯ ಅನ್ಯಾಯ ಬೇರೆ ಚರ್ಚೆ, ಅದನ್ನ ಮಾಡೋಣ, ಆದ್ರೆ ಸರ್ಕಾರದ ಆಯಸ್ಸು ಹೇಳೋಕೆ ಕೂತಾಗ ಈ ಲೆಕ್ಕ ಬಿಟ್ಟು ಮುಂದೆ ಹೋಗೋಕಾಗಲ್ಲ.

ಈಗ 2024ರ ಲೋಕಸಭೆ ನೋಡಿ. ಎನ್‌ಡಿಎ 293, ಬಹುಮತಕ್ಕೆ 272. ಬಿಜೆಪಿಗೆ ಸ್ವಂತ 240, ತೆಲುಗುದೇಶಂ 16, ಜೆಡಿಯು 12. ಫಲಿತಾಂಶದ ದಿನದಿಂದ ಈ ಎರಡು ಪಕ್ಷಗಳ ಕೈಯಲ್ಲೇ ಸರ್ಕಾರದ ಜುಟ್ಟು ಅಂತ ಮಾತು ಶುರುವಾಯ್ತು. ಕಳೆದು ನೋಡಿ. 293ರಲ್ಲಿ 16 ಹೋದ್ರೆ 277, ಸರ್ಕಾರ ಉಳಿಯುತ್ತೆ. 12 ಹೋದ್ರೆ 281, ಉಳಿಯುತ್ತೆ. ಎರಡೂ ಒಟ್ಟಿಗೆ ಹೋದ್ರೆ 265, ಆಗ ಮಾತ್ರ ಬೀಳುತ್ತೆ. ಒಬ್ರು ಮುನಿಸಿಕೊಂಡ್ರೆ ಬೀಳೋ ಸರ್ಕಾರ ಬೇರೆ, ಬೀಳಿಸೋಕೆ ಇಬ್ರು ಒಂದೇ ದಿನ ಒಂದೇ ಮನಸ್ಸು ಮಾಡ್ಬೇಕಾದ ಸರ್ಕಾರ ಬೇರೆ. ಇಬ್ರು ಒಟ್ಟಿಗೆ ಹೋಗ್ಬೇಕು ಅಂದ್ರೆ ಮೊದಲು ಎದ್ದವನಿಗೆ ಭಯ ಇರುತ್ತೆ, ನಾನು ಎದ್ದ ಮೇಲೆ ಅವನು ಏಳದೇ ಇದ್ರೆ ನನಗೂ ಇಲ್ಲ ಅವನಿಗೂ ಇಲ್ಲ ಅಂತಲ್ಲ, ನನಗೆ ಮಾತ್ರ ಇಲ್ಲ ಅನ್ನೋ ಹಾಗಾಗುತ್ತೆ.

ಇಲ್ಲೇ ಒಂದು ಹಳೇ ವಾದ ನೆನಪಾಗುತ್ತೆ. 1962ರಲ್ಲಿ ಅಮೆರಿಕದ ವಿಲಿಯಂ ರೈಕರ್ ಅನ್ನೋ ರಾಜಕೀಯ ಶಾಸ್ತ್ರಜ್ಞ ಹೇಳಿದ್ದು ಏನಂದ್ರೆ ಮೈತ್ರಿ ಕಟ್ಟೋರು ಗೆಲ್ಲೋಕೆ ಬೇಕಾದಷ್ಟೇ ಜನರನ್ನ ಸೇರಿಸ್ಕೊಳ್ತಾರೆ, ಒಬ್ಬ ಜಾಸ್ತಿ ಆದ್ರೂ ಪಾಲು ಕಮ್ಮಿ ಆಗುತ್ತಲ್ಲ. ಹಂಚ್ಕೊಳ್ಳೋ ದೃಷ್ಟಿಯಿಂದ ಅದು ಸರಿ. ಅಂಥ ಮೈತ್ರಿಗೆ ಇನ್ನೊಂದು ಬಲವೂ ಇದೆ, ಪ್ರತಿ ಪಾಲುದಾರನಿಗೂ ತಾನು ಬೇಕೇ ಬೇಕು ಅಂತ ಗೊತ್ತಿರುತ್ತೆ, ಹಾಗಾಗಿ ಯಾರನ್ನೂ ಕಡೆಗಣಿಸಲ್ಲ. ಆದ್ರೆ ಅಂಚಿನ ಮೇಲೆ ಕೂತಿರೋ ಸರ್ಕಾರದಲ್ಲಿ ಪ್ರತಿಯೊಬ್ಬನ ಕೈಯಲ್ಲೂ ಒಂದೊಂದು ಕೀಲಿ ಇರುತ್ತೆ. ಇಸ್ರೇಲ್‌ನಲ್ಲಿ 2021ರ ಜೂನ್‌ನಲ್ಲಿ ಎಡ, ಬಲ, ಮಧ್ಯಮ, ಅರಬ್ ಪಕ್ಷ ಎಲ್ಲಾ ಸೇರಿ ಎಂಟು ಪಕ್ಷಗಳ ಸರ್ಕಾರ ಬಂತು, ವಿಶ್ವಾಸಮತ 60ಕ್ಕೆ 59. ಒಂದು ವರ್ಷ ಆಗೋದ್ರೊಳಗೆ ಒಬ್ಬೊಬ್ರೇ ಸದಸ್ಯರು ಜಾರೋಕೆ ಶುರುಮಾಡಿ 2022ರ ಜೂನ್ ಕೊನೆಗೆ ಸಂಸತ್ತನ್ನೇ ವಿಸರ್ಜನೆ ಮಾಡ್ಬೇಕಾಯ್ತು.

ಆದ್ರೆ ಕೀಲಿ ಕೈಯಲ್ಲಿದೆ ಅಂತ ಯಾರೂ ಸುಮ್ನೆ ಬಾಗಿಲು ತೆಗೆದು ಹೋಗಲ್ಲ, ಹೊರಗೆ ಏನೋ ಕಾಣ್ಬೇಕು. ನಮ್ಮ ದೇಶದ ಬಾಹ್ಯ ಬೆಂಬಲದ ಇತಿಹಾಸಕ್ಕಿಂತ ಚೆನ್ನಾಗಿ ಇದನ್ನ ತೋರಿಸೋ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. 1979ರ ಜುಲೈ 28ಕ್ಕೆ ಚರಣ್ ಸಿಂಗ್ ಪ್ರಧಾನಿ ಆದ್ರು, ಇಂದಿರಾ ಕಾಂಗ್ರೆಸ್ ಹೊರಗಿಂದ ಬೆಂಬಲ ಅಂತು, ಆಗಸ್ಟ್ 20ಕ್ಕೆ ರಾಜೀನಾಮೆ, ಸಂಸತ್ತನ್ನ ಎದುರಿಸಲೇ ಇಲ್ಲ. 1989ರ ಡಿಸೆಂಬರ್ 2ಕ್ಕೆ ವಿ.ಪಿ. ಸಿಂಗ್ ಬಂದ್ರು, ಒಂದು ಕಡೆಯಿಂದ ಬಿಜೆಪಿ ಇನ್ನೊಂದು ಕಡೆಯಿಂದ ಎಡಪಕ್ಷಗಳು ಹೊರಗೆ ನಿಂತು ಹಿಡ್ಕೊಂಡಿದ್ವು, 1990ರ ಅಕ್ಟೋಬರ್‌ನಲ್ಲಿ ಅಡ್ವಾಣಿಯವರ ಬಂಧನ ಆದ ತಕ್ಷಣ ಬಿಜೆಪಿ ಬೆಂಬಲ ವಾಪಸ್ ತಗೊಂಡು ನವೆಂಬರ್ 7ಕ್ಕೆ ವಿಶ್ವಾಸಮತ ಸೋತ್ರು. ಆಮೇಲೆ ಚಂದ್ರಶೇಖರ್, ಅರವತ್ತು ಚಿಲ್ಲರೆ ಸಂಸದರ ಗುಂಪು, ಹೊರಗಡೆ 197 ಸೀಟಿನ ಕಾಂಗ್ರೆಸ್, 1991ರ ಮಾರ್ಚ್ 6ಕ್ಕೆ ರಾಜೀನಾಮೆ. 1996ರ ಜೂನ್ 1ಕ್ಕೆ ದೇವೇಗೌಡರು, 1997ರ ಮಾರ್ಚ್ 30ಕ್ಕೆ ಕಾಂಗ್ರೆಸ್ ಬೆಂಬಲ ವಾಪಸ್. 1997ರ ಏಪ್ರಿಲ್ 21ಕ್ಕೆ ಗುಜ್ರಾಲ್, ನವೆಂಬರ್ 28ಕ್ಕೆ ಮತ್ತೆ ಅದೇ ಕಥೆ. ಐದು ಸರ್ಕಾರ, ಐದರಲ್ಲಿ ಒಂದೂ ಒಂದು ವರ್ಷ ಮುಟ್ಟಲಿಲ್ಲ.

ಯಾಕೆ ಹೀಗೆ? ಹೊರಗೆ ನಿಂತ ಪಕ್ಷದ ಜಾಗದಲ್ಲಿ ನಿಂತು ನೋಡಿ. ಸರ್ಕಾರದ ಒಳ್ಳೇದರಲ್ಲಿ ಹೆಸರಿಲ್ಲ, ಮಂತ್ರಿಗಿರಿ ಇಲ್ಲ, ಕಳ್ಕೊಳ್ಳೋಕೆ ಖಾತೆ ಇಲ್ಲ, ಚುನಾವಣೆ ಯಾವಾಗ ಬೇಕು ಅಂತ ತೀರ್ಮಾನ ಮಾಡೋ ಅಧಿಕಾರ ಮಾತ್ರ ಇದೆ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅಂತಾರಲ್ಲ, ಆ ಸ್ಥಿತಿ. ಪ್ರೀತಿ ತೋರಿಸ್ತಾನೇ ಇರ್ತಾರೆ, ಸಮಯ ಬಂದಾಗ ಅಕ್ಕಿ ತಗೊಂಡು ಹೋಗ್ತಾರೆ. ಅದೂ ಅಲ್ದೆ ಚಂದ್ರಶೇಖರ್ ಸರ್ಕಾರದಲ್ಲಿ ಆದ ಹಾಗೆ ಬೆಂಬಲ ಕೊಡೋನು ಬೆಂಬಲ ತಗೊಳ್ಳೋನಿಗಿಂತ ಮೂರು ಪಟ್ಟು ದೊಡ್ಡವನಾದ್ರೆ ಆ ಏರ್ಪಾಡು ನಿಲ್ಲೋಕೆ ಕಾರಣನೇ ಇಲ್ಲ.

ಇಷ್ಟು ಓದಿ ಬಾಹ್ಯ ಬೆಂಬಲ ಅಂದ್ರೆ ಒಂದು ವರ್ಷ ಅಂತ ಸೂತ್ರ ಮಾಡ್ಕೊಂಡುಬಿಟ್ರೆ ಮತ್ತೆ ತಪ್ಪು. 2004ರಲ್ಲಿ ಯುಪಿಎ ಸರ್ಕಾರಕ್ಕೆ ಎಡಪಕ್ಷಗಳು ಹೊರಗಿಂದ ಬೆಂಬಲ ಕೊಟ್ವು, ನಾಲ್ಕು ವರ್ಷಕ್ಕೂ ಜಾಸ್ತಿ ನಡೀತು. ಅದಕ್ಕೂ ಮುಂಚೆ 1999ರಿಂದ 2004ರ ತನಕ ತೆಲುಗುದೇಶಂ ವಾಜಪೇಯಿ ಸರ್ಕಾರಕ್ಕೆ ಮಂತ್ರಿ ಸ್ಥಾನ ತಗೊಳ್ಳದೇ ಬೆಂಬಲ ಕೊಟ್ಟಿತ್ತು, ಅದೂ ನಡೀತು. ವ್ಯತ್ಯಾಸ ಎಲ್ಲಿ? ಎಡಪಕ್ಷಗಳಿಗೆ ಆಗ ಯುಪಿಎ ಬಿದ್ರೆ ಸಿಗೋದು ಬಿಜೆಪಿ ಸರ್ಕಾರದ ಸಾಧ್ಯತೆ, ಅದು ಅವರಿಗೆ ಬೇಡವೇ ಬೇಡ. ಹೊರಗಿನ ಆಯ್ಕೆ ಕೆಟ್ಟದಾಗಿದ್ದಷ್ಟು ದಿನ ಅವರು ಒಳಗೆ ಬರದಿದ್ರೂ ದೂರ ಹೋಗ್ಲಿಲ್ಲ. 2008ರ ಜುಲೈ 8ಕ್ಕೆ ಅಣು ಒಪ್ಪಂದದ ವಿಚಾರದಲ್ಲಿ ಕೊನೆಗೂ ಬೆಂಬಲ ವಾಪಸ್ ತಗೊಂಡ್ರು, ಆಗ ಸರ್ಕಾರ ಮುಗೀತು ಅಂತಾನೇ ತುಂಬಾ ಜನ ಅಂದ್ಕೊಂಡ್ರು, ಆದ್ರೆ ಜುಲೈ 22ರ ವಿಶ್ವಾಸಮತದಲ್ಲಿ ಸರ್ಕಾರ 275ಕ್ಕೆ 256ರಿಂದ ಗೆದ್ದುಬಿಡ್ತು. ಯಾಕಂದ್ರೆ ಹೊರಗಿನ ಆಯ್ಕೆ ಅನ್ನೋದು ಪಾಲುದಾರನಿಗೆ ಮಾತ್ರ ಅಲ್ಲ, ಪ್ರಧಾನಿಗೂ ಇರುತ್ತೆ. ಎಡಪಕ್ಷ ಹೋದ್ರೆ ಸಮಾಜವಾದಿ ಪಕ್ಷ ಬರೋಕೆ ತಯಾರಿತ್ತು. ನಾನು ಯಾವ ಹೊಸ ಸರ್ಕಾರ ಬಂದ್ರೂ ಮೊದಲು ಹುಡುಕೋದು ಇದನ್ನ, ಈ ಮೈತ್ರಿಯ ಹೊರಗೆ ಇನ್ನೊಂದು ಬಹುಮತ ಸಾಧ್ಯ ಇದೆಯಾ, ಇದ್ರೆ ಅದರಲ್ಲಿ ಯಾರ್ಯಾರು ಇರ್ತಾರೆ, ಅದರಲ್ಲಿ ಈಗಿನ ಪಾಲುದಾರನಿಗೆ ಈಗಿರೋದಕ್ಕಿಂತ ದೊಡ್ಡ ಕುರ್ಚಿ ಇದೆಯಾ.

ನಿಯಮಗಳೂ ಹೊರಗಿನ ಆಯ್ಕೆಯನ್ನ ಬದಲಾಯಿಸ್ತವೆ, ಅದಕ್ಕೇ ಒಂದು ದೇಶದ ಅನುಭವ ಇನ್ನೊಂದು ದೇಶಕ್ಕೆ ಹಾಗೇ ಹೊಂದಲ್ಲ. ಜರ್ಮನಿಯಲ್ಲಿ ಮೊದಲನೇ ಯುದ್ಧದ ನಂತರದ ವೈಮಾರ್ ಗಣರಾಜ್ಯದಲ್ಲಿ ಎಡದ ತುದಿಯವರು, ಬಲದ ತುದಿಯವರು ಬೀಳಿಸೋಕೆ ಒಂದಾಗ್ತಿದ್ರು, ಕಟ್ಟೋಕೆ ಮಾತ್ರ ಒಂದಾಗ್ತಿರ್ಲಿಲ್ಲ. ಆ ಪೆಟ್ಟು ತಿಂದ ಮೇಲೆ 1949ರ ಸಂವಿಧಾನದ 67ನೇ ವಿಧಿಯಲ್ಲಿ ಒಂದು ಷರತ್ತು ಹಾಕಿದ್ರು, ಚಾನ್ಸಲರ್, ಅಂದ್ರೆ ಅಲ್ಲಿನ ಪ್ರಧಾನಿ, ಅವರ ಮೇಲೆ ಅವಿಶ್ವಾಸ ತರೋದಾದ್ರೆ ಅದೇ ನಿರ್ಣಯದಲ್ಲಿ ಹೊಸ ಚಾನ್ಸಲರ್ ಹೆಸರು ಹೇಳಿ ಅವರಿಗೆ ಬಹುಮತ ತೋರಿಸ್ಬೇಕು. 1972ರಲ್ಲಿ ಆಗಿನ ಚಾನ್ಸಲರ್ ವಿಲ್ಲಿ ಬ್ರಾಂಟ್ ವಿರುದ್ಧ ಪ್ರಯತ್ನ ಆಯ್ತು, 249 ಬೇಕಿತ್ತು 247 ಬಂತು, ಬ್ರಾಂಟ್ ಉಳ್ಕೊಂಡ್ರು. 1982ರಲ್ಲಿ ಮಾತ್ರ ಈ ದಾರಿಯಲ್ಲಿ ಸರ್ಕಾರ ಬದಲಾಯ್ತು, ಪಾಲುದಾರ ಫ್ರೀ ಡೆಮಾಕ್ರಾಟ್ ಪಕ್ಷ ಚಾನ್ಸಲರ್ ಶ್ಮಿಟ್ ಅವರನ್ನ ಬಿಟ್ಟು ವಿರೋಧ ಪಕ್ಷದ ಕೋಲ್ ಕಡೆ ಬಂತು. ಸರ್ಕಾರದ ಪಾಲುದಾರನಿಗೆ ಹೊರಗಡೆ ಒಂದು ತಯಾರಾದ ಸರ್ಕಾರವೇ ಸಿಕ್ಕಿದ್ದು ಆ ಒಂದೇ ಸಲ ನೋಡಿ. ನಾರ್ವೆಯಲ್ಲಿ ಇನ್ನೂ ಬೇರೆ, ಅಲ್ಲಿ ಅವಧಿಗೆ ಮುಂಚೆ ಸಂಸತ್ತು ವಿಸರ್ಜನೆ ಮಾಡೋ ಹಾಗೇ ಇಲ್ಲ. 2025ರ ಜನವರಿಯಲ್ಲಿ ಸೆಂಟರ್ ಪಾರ್ಟಿ ಸರ್ಕಾರ ಬಿಟ್ಟು ಎದ್ದುಹೋಯ್ತು, ಲೇಬರ್ ಪಕ್ಷ ಅಲ್ಪಮತದಲ್ಲೇ ಆಡಳಿತ ಮುಂದುವರಿಸ್ತು, ಚುನಾವಣೆ ಆಗಿದ್ದು ಸೆಪ್ಟೆಂಬರ್‌ನಲ್ಲಿ, ಅದರ ಸಮಯಕ್ಕೇ. ಡೆನ್ಮಾರ್ಕ್‌ನಲ್ಲಿ ಸರ್ಕಾರಕ್ಕೆ ಪರವಾಗಿ ಬಹುಮತ ಬೇಕಿಲ್ಲ, ವಿರುದ್ಧ ಬಹುಮತ ಇಲ್ದಿದ್ರೆ ಸಾಕು, ಅದಕ್ಕೇ ಅಲ್ಲಿ ಅಲ್ಪಮತದ ಸರ್ಕಾರ ಮಾಮೂಲಿ. ಬ್ರಿಟನ್ನಿನ ಆ ಐದು ವರ್ಷದ ಹಿಂದೆಯೂ ಒಂದು ಕಾಯ್ದೆ ಇತ್ತು, 2011ರಲ್ಲಿ ಅವಧಿಯನ್ನ ಐದು ವರ್ಷಕ್ಕೆ ಕಟ್ಟಿಹಾಕಿದ್ರು, ಪ್ರಧಾನಿ ತಮಗೆ ಅನುಕೂಲ ಕಂಡ ದಿನ ಚುನಾವಣೆ ಕರೆದು ಸಣ್ಣ ಪಾಲುದಾರನನ್ನ ನಡುನೀರಲ್ಲಿ ಕೈಬಿಡೋದು ಆಗ್ತಿರ್ಲಿಲ್ಲ.

ನಮ್ಮಲ್ಲಿ 1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂತು, ಮೂರನೇ ಒಂದು ಭಾಗ ಒಡೆದು ಬಂದ್ರೆ ವಿನಾಯಿತಿ ಅಂತ ಇದ್ದಿದ್ದನ್ನ 2003ರ ತಿದ್ದುಪಡಿಯಲ್ಲಿ ತೆಗೆದ್ರು. ಹಾಗಾದ್ರೆ ಶಾಸಕರು ದಾಟೋದು ನಿಂತಿತಾ? ದಾಟೋ ದಾರಿ ಬದಲಾಯ್ತು. 2019ರ ಜುಲೈ 23ರಂದು ಕರ್ನಾಟಕದಲ್ಲಿ ಏನಾಯ್ತು ನೋಡಿ. ಮೈತ್ರಿಯ ಬಂಡಾಯ ಶಾಸಕರು ವಿಪ್ (ಹೀಗೇ ವೋಟ್ ಹಾಕಿ ಅನ್ನೋ ಪಕ್ಷದ ಆದೇಶ) ಉಲ್ಲಂಘಿಸಿ ಎದುರು ಪಕ್ಷಕ್ಕೆ ವೋಟ್ ಹಾಕ್ಲಿಲ್ಲ, ರಾಜೀನಾಮೆ ಪತ್ರ ಕೊಟ್ಟು ಸದನಕ್ಕೇ ಬರ್ಲಿಲ್ಲ. ವೋಟು ಬಿದ್ದಿದ್ದು 99ಕ್ಕೆ 105. ಎರಡೂ ಕೂಡಿಸಿದ್ರೆ 204, ಅಂದ್ರೆ ಆ ದಿನ ಗೆಲ್ಲೋಕೆ 103 ಸಾಕಾಗಿತ್ತು. ಬಿಜೆಪಿಯ ಸಂಖ್ಯೆ ಹದಿನಾಲ್ಕು ತಿಂಗಳಲ್ಲಿ 104ರಿಂದ 105 ಆಗಿತ್ತು ಅಷ್ಟೇ, ಒಂದೇ ಒಂದು ಜಾಸ್ತಿ. ಅವರು ಬಹುಮತದ ಗೆರೆಯನ್ನ ಹತ್ತಿ ಮುಟ್ಟಲಿಲ್ಲ, ಗೆರೆಯೇ ಕೆಳಗೆ ಇಳಿದು ಬಂತು. ಹಾಗಾಗಿ ನಮ್ಮ ರಾಜ್ಯಗಳ ವಿಷಯದಲ್ಲಿ ಪಕ್ಷಗಳ ನಡುವಿನ ಲೆಕ್ಕ ಮಾತ್ರ ಸಾಲಲ್ಲ, ಒಬ್ಬೊಬ್ಬ ಶಾಸಕನಿಗೂ ಹೊರಗೆ ಏನು ಸಿಗುತ್ತೆ ಅನ್ನೋ ಲೆಕ್ಕ ಬೇಕು, ಮಂತ್ರಿ ಸ್ಥಾನ ಸದನದ ಬಲದ ಶೇಕಡಾ 15 ಮೀರಬಾರ್ದು ಅಂತ ಮಿತಿ ಇರೋದ್ರಿಂದ ಎಷ್ಟು ಜನ ಆಕಾಂಕ್ಷಿಗಳು ಖಾಲಿ ಕೈಯಲ್ಲಿ ಕೂತಿದ್ದಾರೆ ಅಂತ ಸುಮಾರಾಗಿ ಎಣಿಸೋಕೂ ಬರುತ್ತೆ.

ಅಧಿಕಾರ ಹಂಚಿಕೆ ಒಪ್ಪಂದದ ಬಗ್ಗೆ ಸ್ವಲ್ಪ ಹೇಳ್ಬೇಕು. ಅರ್ಧ ಅವಧಿ ನೀನು ಅರ್ಧ ಅವಧಿ ನಾನು ಅನ್ನೋ ಒಪ್ಪಂದ ಯಾವತ್ತೂ ಮುರಿಯುತ್ತೆ ಅಂತ ನಮ್ಮಲ್ಲಿ ಒಂದು ನಂಬಿಕೆ, ಜೆಡಿಎಸ್, ಬಿಜೆಪಿ ನಡುವಿನ 2006ರ ಇಪ್ಪತ್ತು ಇಪ್ಪತ್ತು ತಿಂಗಳ ಒಪ್ಪಂದ ಕಣ್ಣೆದುರಿಗೆ ಇದೆಯಲ್ಲ. 2006ರ ಫೆಬ್ರವರಿ 3ಕ್ಕೆ ಕುಮಾರಸ್ವಾಮಿ ಮುಖ್ಯಮಂತ್ರಿ ಆದ್ರು, 2007ರ ಅಕ್ಟೋಬರ್‌ನಲ್ಲಿ ಹಸ್ತಾಂತರ ಆಗ್ಲಿಲ್ಲ, ಆಮೇಲೆ ನವೆಂಬರ್ 12ಕ್ಕೆ ಯಡಿಯೂರಪ್ಪ ಪ್ರಮಾಣವಚನ ತಗೊಂಡ್ರೂ ಒಂದೇ ವಾರದಲ್ಲಿ ರಾಜೀನಾಮೆ ಕೊಡ್ಬೇಕಾಯ್ತು. ಆದ್ರೆ ಇಸ್ರೇಲ್‌ನಲ್ಲಿ 1984ರಲ್ಲಿ ಪೆರೆಸ್ ಮೊದಲು, ಶಮೀರ್ ಆಮೇಲೆ ಅಂತ ಆದ ಒಪ್ಪಂದ 1986ರ ಅಕ್ಟೋಬರ್‌ನಲ್ಲಿ ಮಾತಿಗೆ ತಕ್ಕ ಹಾಗೇ ನಡೀತು. ಐರ್ಲೆಂಡ್‌ನಲ್ಲಿ 2020ರಲ್ಲಿ ಮಾರ್ಟಿನ್ ಮೊದಲು, ವರಾಡ್ಕರ್ ಆಮೇಲೆ ಅಂತ ಆಗಿ 2022ರ ಡಿಸೆಂಬರ್ 17ಕ್ಕೆ ಸಲೀಸಾಗಿ ಕುರ್ಚಿ ಬದಲಾಯ್ತು. ಐರ್ಲೆಂಡ್‌ನಲ್ಲಿ ಮೊದಲ ಸರದಿ ಮುಗಿಸಿದವರು ಮನೆಗೆ ಹೋಗ್ಲಿಲ್ಲ, ಉಪಪ್ರಧಾನಿ ಆದ್ರು, ಅವರಿಗೆ ಮುಂದೆಯೂ ಒಳಗೆ ಏನೋ ಇತ್ತು. ಹೊರಗಡೆ ಶಿನ್ ಫೇನ್ ಪಕ್ಷ ಸಮೀಕ್ಷೆಗಳಲ್ಲಿ ಮುಂದೆ ಓಡ್ತಿತ್ತು, ಒಪ್ಪಂದ ಮುರಿದು ಚುನಾವಣೆಗೆ ಹೋದ್ರೆ ಇಬ್ರಿಗೂ ನಷ್ಟ. ಮೊದಲ ಸರದಿಯವನಿಗೆ ತನ್ನ ಪಾಲು ಸಿಕ್ಕಾದ ಮೇಲೆ ಯಾವುದು ಅವನನ್ನ ಕಟ್ಟಿಹಾಕುತ್ತೆ ಅನ್ನೋದೇ ಇಲ್ಲಿ ಪ್ರಶ್ನೆ. ಮುರಿದವರಿಗೆ ಬೆಲೆ ತೆರಬೇಕಾಗಲ್ವಾ ಅಂದ್ರೆ ಆಗುತ್ತೆ, 2004ರಲ್ಲಿ 58 ಸೀಟಿದ್ದ ಜೆಡಿಎಸ್ 2008ರ ಚುನಾವಣೆಯಲ್ಲಿ 28ಕ್ಕೆ ಬಂತು, ಬಿಜೆಪಿ 79ರಿಂದ 110ಕ್ಕೆ ಹೋಯ್ತು. ಆದ್ರೆ ಆ ಬಿಲ್ಲು ಬರೋದು ತಡವಾಗಿ, ಕುರ್ಚಿ ಬಿಟ್ಕೊಡೋ ನೋವು ಇವತ್ತೇ.

ಇಷ್ಟೆಲ್ಲ ಗಟ್ಟಿ ಇದ್ರೂ ಸರ್ಕಾರಗಳು ಬೀಳ್ತವೆ, ಯಾಕಂದ್ರೆ ಆಘಾತಗಳು ಬರ್ತವೆ. ಹಗರಣ, ಒಬ್ಬ ನಾಯಕನ ಸಾವು, ಬೆಲೆ ಏರಿಕೆ, ಕೋರ್ಟ್ ತೀರ್ಪು, ಯುದ್ಧ. 1980ರ ದಶಕದಲ್ಲಿ ಈ ವಿಷಯದ ಸಂಶೋಧಕರಲ್ಲಿ ದೊಡ್ಡ ವಾದ ನಡೀತು, ಒಂದು ಗುಂಪು ಸರ್ಕಾರದ ಆಯಸ್ಸು ಅದು ಹುಟ್ಟಿದಾಗಿನ ಲಕ್ಷಣಗಳಲ್ಲೇ ಇದೆ ಅಂತು, ಸೀಟು, ಪಕ್ಷಗಳ ಸಂಖ್ಯೆ, ಸಿದ್ಧಾಂತದ ಅಂತರ ಹೀಗೆ. ಇನ್ನೊಂದು ಗುಂಪು ಇಲ್ಲ, ಎಲ್ಲಾ ಆಕಸ್ಮಿಕಗಳ ಆಟ ಅಂತು. ಆಮೇಲೆ ಎರಡನ್ನೂ ಒಂದೇ ಲೆಕ್ಕದೊಳಗೆ ಸೇರಿಸೋ ವಿಧಾನ ಬಂತು, ಅದನ್ನ ತಂದಿದ್ದು ವೈದ್ಯಕೀಯದವರು ರೋಗಿಗಳ ಬದುಕುಳಿಯುವಿಕೆ ಲೆಕ್ಕ ಹಾಕೋ ಸಂಖ್ಯಾಶಾಸ್ತ್ರದಿಂದ. ಗಾಳಿ ಎಲ್ಲಾ ಮರಕ್ಕೂ ಬೀಸುತ್ತೆ, ಯಾವ ಮರದ ಬೇರು ಎಷ್ಟು ಆಳ ಅನ್ನೋದು ಮೊದಲೇ ಗೊತ್ತಿರುತ್ತೆ, ಅಷ್ಟೇ ವಿಷಯ.

ಜರ್ಮನಿಯ 2021ರ ಸರ್ಕಾರ ಇದಕ್ಕೆ ಒಳ್ಳೆ ಉದಾಹರಣೆ. ಸೋಶಿಯಲ್ ಡೆಮಾಕ್ರಾಟ್ 206, ಗ್ರೀನ್ಸ್ 118, ಫ್ರೀ ಡೆಮಾಕ್ರಾಟ್ 92, ಒಟ್ಟು 736ರಲ್ಲಿ 416. ಫ್ರೀ ಡೆಮಾಕ್ರಾಟ್ ಹೋದ್ರೆ 324, ಬಹುಮತ ಇಲ್ಲ. ಸಾಲ ಜಾಸ್ತಿ ಮಾಡ್ಬಾರ್ದು ಅನ್ನೋ ಪಕ್ಷ, ಖರ್ಚು ಮಾಡ್ಲೇಬೇಕು ಅನ್ನೋ ಎರಡು ಪಕ್ಷ, ಈ ಮೂರನ್ನೂ ಜೋಡಿಸಿದ್ದು ಒಂದು ಲೆಕ್ಕದ ಏರ್ಪಾಡು, ಕೋವಿಡ್‌ಗೆ ಅಂತ ಮೀಸಲಿಟ್ಟು ಖರ್ಚಾಗದ ಸಾಲದ ಅನುಮತಿಯನ್ನ ಹವಾಮಾನ ನಿಧಿಗೆ ವರ್ಗಾಯಿಸಿದ್ರು. 2023ರ ನವೆಂಬರ್ 15ಕ್ಕೆ ಅಲ್ಲಿನ ಸಂವಿಧಾನ ನ್ಯಾಯಾಲಯ ಅದು ಅಸಿಂಧು ಅಂತ ಹೇಳ್ತು, ಒಂದೇ ಏಟಿಗೆ 6,000 ಕೋಟಿ ಯೂರೋ ಮಾಯ. ಅಲ್ಲಿಂದ ಪ್ರತಿ ಬಜೆಟ್ ಸಭೆಯೂ ಜಗಳ, ಸುಮಾರು ಒಂದು ವರ್ಷ ಆದ್ಮೇಲೆ 2024ರ ನವೆಂಬರ್ 6ಕ್ಕೆ ಚಾನ್ಸಲರ್ ಶೋಲ್ಜ್ ತಮ್ಮ ಹಣಕಾಸು ಮಂತ್ರಿಯನ್ನ ವಜಾ ಮಾಡಿದ್ರು, ಮೈತ್ರಿ ಮುರೀತು. ಇಂಥ ತೀರ್ಪು ಇಂಥ ದಿನ ಬರುತ್ತೆ ಅಂತ 2021ರಲ್ಲಿ ಯಾರೂ ಹೇಳೋಕಾಗ್ತಿರ್ಲಿಲ್ಲ. ಆದ್ರೆ ದುಡ್ಡಿನ ಕಡೆಯಿಂದ ಏನಾದ್ರೂ ಪೆಟ್ಟು ಬಿದ್ರೆ ಮುರಿಯೋದು ಇಲ್ಲೇ ಅಂತ ಮೊದಲ ದಿನವೇ ತೋರಿಸಬಹುದಿತ್ತು.

ಅದಕ್ಕೇ ಭವಿಷ್ಯ ಹೇಳೋರು ತಾರೀಖು ಹೇಳಬಾರ್ದು, ಸಾಧ್ಯತೆ ಹೇಳ್ಬೇಕು. ಒಂದು ಸರಳ ಲೆಕ್ಕ ಮಾಡಿ ನೋಡೋಣ. ಯಾವುದೇ ಒಂದು ತಿಂಗಳಲ್ಲಿ ಸರ್ಕಾರ ಬೀಳೋ ಸಾಧ್ಯತೆ ಶೇಕಡಾ 2 ಮಾತ್ರ ಅಂತ ಇಟ್ಕೊಳ್ಳಿ. ಕೇಳೋಕೆ ಎಷ್ಟು ಸಣ್ಣದು, ಉಳಿಯೋ ಸಾಧ್ಯತೆ 98 ಅಲ್ವಾ. ಆದ್ರೆ ಅರವತ್ತು ತಿಂಗಳು ಸಾಲಾಗಿ ಉಳೀಬೇಕು ಅಂದ್ರೆ 0.98ನ್ನ ಅರವತ್ತು ಸಲ ಗುಣಿಸ್ಬೇಕು, ಬರೋದು ಸುಮಾರು 0.30. ಅಂದ್ರೆ ಐದು ವರ್ಷ ಪೂರೈಸೋ ಸಾಧ್ಯತೆ ಶೇಕಡಾ 30 ಅಷ್ಟೇ, ಅರ್ಧಕ್ಕರ್ಧ ಸರ್ಕಾರಗಳು 34 ತಿಂಗಳ ಹೊತ್ತಿಗೆ ಹೋಗಿರ್ತವೆ. ತಿಂಗಳಿಗೆ ಶೇಕಡಾ 1 ಮಾಡಿದ್ರೆ ಐದು ವರ್ಷದ ಸಾಧ್ಯತೆ 55ಕ್ಕೆ ಏರುತ್ತೆ, ಶೇಕಡಾ 5 ಮಾಡಿದ್ರೆ 5ಕ್ಕೂ ಕೆಳಗೆ ಇಳಿಯುತ್ತೆ. ಪ್ರತಿದಿನ ನೋಡೋರಿಗೆ ಗಟ್ಟಿಯಾಗೇ ಕಾಣೋ ಸರ್ಕಾರ ಅವಧಿ ಮುಗಿಸದೇ ಹೋಗೋದು ಹೀಗೆ. ಇನ್ನೊಂದು ಮಾತು, ಅದೇ ಶೇಕಡಾ 2ರ ಸರ್ಕಾರ ಎರಡು ವರ್ಷ ದಾಟ್ತು ಅಂದ್ರೆ ಉಳಿದಿರೋದು 36 ತಿಂಗಳು, ಪೂರೈಸೋ ಸಾಧ್ಯತೆ 30ರಿಂದ 48ಕ್ಕೆ ಬಂದಿರುತ್ತೆ. ಅಂದ್ರೆ ಮೊದಲ ದಿನ ಹೇಳಿದ ಅಂದಾಜನ್ನ ಹಿಡ್ಕೊಂಡು ಕೂರಬಾರ್ದು, ದಾಟಿದ ಪ್ರತಿ ತಿಂಗಳೂ ಅದನ್ನ ತಿದ್ದುತ್ತೆ.

ಈ ಲೆಕ್ಕದಲ್ಲಿ ಎಲ್ಲರೂ ಎಡವೋ ಜಾಗ ಒಂದಿದೆ, ಸರಾಸರಿ. ಐದು ವರ್ಷ ಮುಗಿಸಿ ಚುನಾವಣೆಗೆ ಹೋದ ಸರ್ಕಾರ ಬಿದ್ದಿದ್ದಲ್ಲ, ಅದರ ಸಮಯ ಮುಗೀತು, ನಿಯಮ ಇಲ್ಲದಿದ್ರೆ ಇನ್ನೂ ಎಂಟು ವರ್ಷ ಇರ್ತಿತ್ತೋ ಏನೋ. ಇವತ್ತು ನಡೀತಾ ಇರೋ ಸರ್ಕಾರವೂ ಹಾಗೇ, ಅದರ ಕಥೆ ಅರ್ಧ ಮಾತ್ರ ಗೊತ್ತು. ಇವನ್ನೆಲ್ಲ ಬಿದ್ದ ಸರ್ಕಾರಗಳ ಜೊತೆ ಒಂದೇ ರಾಶಿಗೆ ಹಾಕಿ ಭಾಗಿಸಿದ್ರೆ ಬರೋ ಸರಾಸರಿ ಯಾವುದರದ್ದೂ ಅಲ್ಲ. ಬದುಕುಳಿಯುವಿಕೆ ಲೆಕ್ಕ ಬೇಕಾಗಿದ್ದೇ ಇದಕ್ಕೆ, ಆಸ್ಪತ್ರೆಯ ಅಧ್ಯಯನ ಮುಗಿದಾಗ ಇನ್ನೂ ಬದುಕಿರೋ ರೋಗಿಯನ್ನ ಸತ್ತವರ ಪಟ್ಟಿಗೆ ಸೇರಿಸೋಕಾಗಲ್ವಲ್ಲ.

ಮತ್ತೆ ತಿಂಗಳ ಅಪಾಯ ಯಾವಾಗ್ಲೂ ಒಂದೇ ಇರಲ್ಲ. ಶುರುವಿನ ತಿಂಗಳುಗಳಲ್ಲಿ ಈಗಷ್ಟೇ ಚುನಾವಣೆ ಮುಗಿಸಿ ಸಾಲ ಮಾಡ್ಕೊಂಡು ಬಂದ ಶಾಸಕರಿಗೆ ಮತ್ತೆ ಕಣಕ್ಕಿಳಿಯೋ ಮನಸ್ಸಿರಲ್ಲ. ಮಧ್ಯದಲ್ಲಿ ಬೇರೆ ಒಂದು ಚುನಾವಣೆ ಬರುತ್ತೆ, ಅದರ ಫಲಿತಾಂಶ ಎಲ್ಲರ ಹೊರಗಿನ ಆಯ್ಕೆಯನ್ನೂ ಒಂದೇ ದಿನ ಬದಲಾಯಿಸಿಬಿಡುತ್ತೆ. 2019ರ ಮೇ ಲೋಕಸಭಾ ಫಲಿತಾಂಶದಲ್ಲಿ ಕರ್ನಾಟಕದ 28ರಲ್ಲಿ ಬಿಜೆಪಿಗೆ 25 ಬಂತು, ಮೈತ್ರಿಯ ಎರಡೂ ಪಕ್ಷಕ್ಕೆ ಒಂದೊಂದು, ಅದಾಗಿ ಎರಡು ತಿಂಗಳಿಗೆ ಸರ್ಕಾರ ಹೋಯ್ತು. ವಿಧಾನಸಭೆಯ ಒಳಗಿನ ಸಂಖ್ಯೆ ಫಲಿತಾಂಶದ ದಿನ ಹೆಚ್ಚುಕಮ್ಮಿ ಅದೇ ಇತ್ತು, ಹೊರಗಿನ ಗಾಳಿ ಬದಲಾಗಿತ್ತು. ಅವಧಿಯ ಕೊನೆ ಹತ್ತಿರ ಬಂದಾಗ ಮತ್ತೆ ಅಪಾಯ ಏರುತ್ತೆ, ಯಾಕಂದ್ರೆ ಪಕ್ಷಗಳು ಜನರ ಮುಂದೆ ಹೋಗೋಕೆ ಮುಂಚೆ ಬೇರೆ ಬೇರೆಯಾಗಿ ಕಾಣಿಸ್ಕೊಳ್ಳೋಕೆ ನೋಡ್ತವೆ.

ಇನ್ನು ಯಾವ ಲೆಕ್ಕಕ್ಕೂ ಸಿಗದ ಒಂದು ಪಾಲು ಇದ್ದೇ ಇರುತ್ತೆ. 1998ರ ಮಾರ್ಚ್ 19ಕ್ಕೆ ವಾಜಪೇಯಿ ಸರ್ಕಾರ ಬಂದಾಗ ಜಯಲಲಿತಾ ಅವರ ಎಐಎಡಿಎಂಕೆಗೆ 18 ಸಂಸದರು, ಅವರು ಎದ್ದು ಹೋದ್ರೆ ಸರ್ಕಾರ ಅಲ್ಲಾಡುತ್ತೆ ಅನ್ನೋದು ಅವತ್ತೇ ಗೊತ್ತಿತ್ತು, ತಿಂಗಳ ಅಪಾಯ ಜಾಸ್ತಿ ಅಂತ ಯಾರು ಬೇಕಾದ್ರೂ ಬರೀಬಹುದಿತ್ತು. ಹದಿಮೂರು ತಿಂಗಳಿಗೆ ಅವರು ಎದ್ದು ಹೋದ್ರು. ಆದ್ರೂ 1999ರ ಏಪ್ರಿಲ್ 17ರ ಬೆಳಿಗ್ಗೆ ಸರ್ಕಾರ ಉಳಿಯುತ್ತಾ ಅಂತ ಕೇಳಿದ್ರೆ ಯಾವ ಸೂತ್ರವೂ ಉತ್ತರ ಕೊಡ್ತಿರ್ಲಿಲ್ಲ. 269ಕ್ಕೆ 270, ಒಂದೇ ವೋಟು. ಒಡಿಶಾದ ಮುಖ್ಯಮಂತ್ರಿ ಆಗಿದ್ದರೂ ಲೋಕಸಭೆಗೆ ರಾಜೀನಾಮೆ ಕೊಡದೇ ಇದ್ದ ಗಿರಿಧರ್ ಗಮಾಂಗ್ ಬಂದು ವೋಟ್ ಹಾಕಿದ್ರು, ನ್ಯಾಷನಲ್ ಕಾನ್ಫರೆನ್ಸ್‌ನ ಸೈಫುದ್ದೀನ್ ಸೋಜ್ ತಮ್ಮ ಪಕ್ಷದ ಮಾತು ಮೀರಿ ವಿರುದ್ಧ ಹಾಕಿದ್ರು, ಇಬ್ಬರಲ್ಲಿ ಯಾರೊಬ್ಬರದ್ದು ಬೇರೆ ಆಗಿದ್ರೂ ಫಲಿತಾಂಶ ಬೇರೆ. ಅವತ್ತು ಬೀಳಿಸೋಕೆ ಒಂದಾದ 270 ಜನ ಮುಂದಿನ ಪ್ರಧಾನಿ ಯಾರು ಅನ್ನೋದರಲ್ಲಿ ಒಂದಾಗ್ಲಿಲ್ಲ, ಜರ್ಮನಿಯ ಅವಿಶ್ವಾಸದ ನಿಯಮದ ಪ್ರಕಾರ ಆದ್ರೆ ಅವರು ಮೊದಲು ಒಬ್ಬ ಹೊಸ ಪ್ರಧಾನಿ ಹೆಸರಿಗೆ ಬಹುಮತ ತೋರಿಸ್ಬೇಕಿತ್ತು. ಪರ್ಯಾಯ ಸರ್ಕಾರ ಆಗದೇ ಲೋಕಸಭೆ ವಿಸರ್ಜನೆ ಆಯ್ತು, ವಾಜಪೇಯಿಯವರೇ ಉಸ್ತುವಾರಿ ಪ್ರಧಾನಿಯಾಗಿ ಮುಂದುವರೆದ್ರು, ಚುನಾವಣೆಗೆ ಹೋಗುವಾಗ ಮೈತ್ರಿಯಲ್ಲಿ ಎಐಎಡಿಎಂಕೆ ಜಾಗಕ್ಕೆ ಡಿಎಂಕೆ ಬಂದಿತ್ತು, ಅಕ್ಟೋಬರ್‌ನಲ್ಲಿ ಅದೇ ಪ್ರಧಾನಿ ವಾಪಸ್ ಬಂದು 2004ರ ತನಕ ಇದ್ರು.